ಮಧ್ಯಸ್ಥನ ಲೆಕ್ಕ ಯಾರ ಹೆಸರಿಗೆ?

ಹೋವರ್ಡ್ ಝೆರ್ ಅವರ ‘ಚೇಂಜಿಂಗ್ ಲೆನ್ಸಸ್’ 1990ರಲ್ಲಿ ಪ್ರಕಟವಾಯಿತು. ಪುನಃಸ್ಥಾಪನಾ ನ್ಯಾಯದ ಚರ್ಚೆ ಎಲ್ಲಿ ನಡೆದರೂ ಈ ಗ್ರಂಥದ ಹೆಸರು ಬಂದೇ ಬರುತ್ತದೆ. ಅಪರಾಧವೆಂಬುದು ಮೊದಲಿಗೆ ಕಾನೂನಿನ ಉಲ್ಲಂಘನೆಯಲ್ಲ, ಮನುಷ್ಯರಿಗೂ ಅವರ ಸಂಬಂಧಗಳಿಗೂ ಆದ ಗಾಯ. ಆದ್ದರಿಂದ ನೊಂದವರಿಗೆ ಏನು ಬೇಕು, ಅದನ್ನು ಈಡೇರಿಸುವ ಹೊಣೆ ಯಾರದು ಎಂಬುದೇ ನ್ಯಾಯದ ಮೊದಲ ಪ್ರಶ್ನೆ ಎಂದು ಅವರು ವಾದಿಸುತ್ತಾರೆ. ಮೆನ್ನೊನೈಟ್ ಸಂಪ್ರದಾಯದ ಈ ಲೇಖಕರು ತಮ್ಮ ವಾದದ ಬುನಾದಿಯನ್ನು ಹೀಬ್ರೂ ಪವಿತ್ರಗ್ರಂಥದ ‘ಶಾಲೋಮ್’ನಲ್ಲಿಯೂ ದೇವರು ತಮ್ಮ ಜನರೊಡನೆ ಮಾಡಿಕೊಂಡ ಒಡಂಬಡಿಕೆಯಲ್ಲಿಯೂ ಕಾಣುತ್ತಾರೆ. ಆ ಅಧ್ಯಾಯದ ಬಗ್ಗೆ ನಮಗೆ ಗೌರವವಿದೆ. ಆದರೆ ಸಂಧಾನದ ವೆಚ್ಚವನ್ನು ಹೊರುವವರು ಯಾರು ಎಂಬ ಪ್ರಶ್ನೆಗೆ ಅದು ಸಾಕಷ್ಟು ಜಾಗ ಕೊಡುವುದಿಲ್ಲ.

ಈ ಚಳವಳಿಯ ಮೂಲಕಥೆಯಲ್ಲಿ ಹಣದ ಮಾತು ಸರಳವಾಗಿತ್ತು. 1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ ಇಬ್ಬರು ಯುವಕರು ಒಂದೇ ರಾತ್ರಿ 22 ಕಡೆ ಆಸ್ತಿಪಾಸ್ತಿ ಹಾಳುಗೆಡವಿದರು. ನೊಂದವರ ಮನೆಬಾಗಿಲಿಗೆ ಹೋಗಿ ನಷ್ಟ ತುಂಬಿಕೊಡುವಂತೆ ನ್ಯಾಯಾಧೀಶರು ಆಜ್ಞಾಪಿಸಿದರು. ಕೆಡಿಸಿದವರೇ ತೆತ್ತರು. ಜಕ್ಕಾಯನು ನಾಲ್ಕು ಪಾಲು ಹಿಂದಿರುಗಿಸುತ್ತೇನೆಂದಾಗಲೂ ಅದು ಅವನ ಸ್ವಂತ ಹಣವೇ.

ಆದರೆ ಅಂಥ ಭೇಟಿಗಳು ಯೋಜನೆಗಳಾಗಿ, ಯೋಜನೆಗಳು ಕಿರು ಅನುದಾನಗಳನ್ನು ಅವಲಂಬಿಸಿದ ಮೇಲೆ ಮೂರನೆಯ ಕೈಯೊಂದು ನಡುವೆ ಬರುತ್ತದೆ. ಅನುದಾನದ ಅವಧಿ ಸಾಮಾನ್ಯವಾಗಿ ಒಂದೋ ಎರಡೋ ವರ್ಷ. ಎಷ್ಟು ಪ್ರಕರಣ ಕೈಗೆತ್ತಿಕೊಂಡಿರಿ, ಎಷ್ಟು ಇತ್ಯರ್ಥವಾದವು ಎಂದು ಅಲ್ಲಿ ಕೇಳುತ್ತಾರೆ. ಮಗನನ್ನು ಕಳೆದುಕೊಂಡ ತಾಯಿ ಕೊಂದವನ ಮುಖ ನೋಡಲು ಎಂಟು ವರ್ಷ ಬೇಕೆಂದರೆ ಆ ವರದಿಯಲ್ಲಿ ಅವಳಿಗೆ ಸ್ಥಳವಿಲ್ಲ. ನೋಡುವುದೇ ಇಲ್ಲವೆಂದರಂತೂ ಆಕೆ ಯೋಜನೆಯ ಸೋಲಾಗಿಯೇ ಎಣಿಕೆಗೆ ಬರುತ್ತಾಳೆ. ಹೀಗೆ ಕ್ಷಮೆಯು ಗಡುವಿಗೆ ಒಳಗಾಗುತ್ತದೆ. ವ್ಯವಸ್ಥೆಯು ಈ ಪ್ರಯೋಗಗಳನ್ನು ನುಂಗಿಬಿಡಬಹುದೆಂಬ ಭಯ ಝೆರ್ ಅವರಿಗೂ ಇತ್ತು. ನಾವು ನೋಡುವಂತೆ, ಆ ಕೆಲಸವನ್ನು ಸೆರೆಮನೆ ಮತ್ತು ನ್ಯಾಯಾಲಯಗಳಷ್ಟೇ ಅಲ್ಲ, ಸದುದ್ದೇಶದ ದಾನಿಯೂ ಮಾಡಬಲ್ಲ.

ಇದಕ್ಕೆ ಎದುರು ನಿಲ್ಲುವ ನಿದರ್ಶನ ಉತ್ತರ ಐರ್ಲೆಂಡಿನಲ್ಲಿದೆ. ಅಲ್ಲಿನ ಬಡಾವಣೆಗಳಲ್ಲಿ ಸಶಸ್ತ್ರ ಗುಂಪುಗಳು ಪುಂಡ ಹುಡುಗರ ಮೊಣಕಾಲಿಗೆ ಗುಂಡು ಹೊಡೆದು ‘ನ್ಯಾಯ’ ಮಾಡುತ್ತಿದ್ದವು. ಅದಕ್ಕೆ ಬದಲಿಯಾಗಿ 1998ರ ಆಸುಪಾಸಿನಲ್ಲಿ ಎರಡು ಸಮುದಾಯಗಳಲ್ಲಿಯೂ ಸಂಧಾನ ಕೇಂದ್ರಗಳು ಆರಂಭವಾದವು. ಸರ್ಕಾರ ಅನುಮಾನದಿಂದ ದೂರ ನಿಂತಿದ್ದಾಗ ಅಟ್ಲಾಂಟಿಕ್ ಫಿಲಾಂಥ್ರಪೀಸ್ ಎಂಬ ಖಾಸಗಿ ದತ್ತಿಸಂಸ್ಥೆ ಹಲವು ವರ್ಷ ಹಣ ಕೊಟ್ಟಿತು. ಪೊಲೀಸರೊಡನೆ ಸಹಕರಿಸುವ ನಿಯಮಾವಳಿ ಬಂದದ್ದು 2007ರಲ್ಲಿ. ದೊಡ್ಡ ಮೊತ್ತವೆಂಬುದಕ್ಕಿಂತ ಕಾಯುವ ಮೊತ್ತವೆಂಬುದೇ ಇಲ್ಲಿ ಮುಖ್ಯ.

ಸಂತ ಪೌಲನು ಫಿಲೆಮೋನನಿಗೆ ಬರೆದ ಪತ್ರದಲ್ಲಿ ಮಧ್ಯಸ್ಥನು ಸಂಬಳ ಪಡೆಯುವವನಲ್ಲ, ತೆರುವವನು. ಒನೇಸಿಮನಿಂದ ನಷ್ಟವಾಗಿದ್ದರೆ ತನ್ನ ಲೆಕ್ಕಕ್ಕೆ ಹಾಕಿಕೊಳ್ಳಬೇಕೆಂದು ಅವನು ಸ್ವಹಸ್ತದಿಂದ ಬರೆಯುತ್ತಾನೆ, ಅದೂ ಸೆರೆಯಲ್ಲಿದ್ದುಕೊಂಡು! ಶಿಲುಬೆಯ ದೈವಶಾಸ್ತ್ರವನ್ನು ನಾವು ಇಷ್ಟು ವ್ಯಾವಹಾರಿಕ ಭಾಷೆಯಲ್ಲಿ ಬೇರೆಲ್ಲಿಯೂ ಕಂಡಿಲ್ಲ. ಆದರೂ ಪತ್ರದಲ್ಲಿ ಒಂದು ಮೌನವಿದೆ. ಪೌಲನೂ ಫಿಲೆಮೋನನೂ ಪರಿಚಿತರು, ಮಾನ್ಯರು. ದಾಸನಾದ ಒನೇಸಿಮನಿಗೆ ಏನು ಬೇಕಿತ್ತೆಂದು ಯಾರೂ ಕೇಳಿದಂತಿಲ್ಲ.

ಈ ಮೌನ ನಮ್ಮ ದೇಶಕ್ಕೂ ಸಂಬಂಧಿಸಿದ್ದು. 2023ರ ಮಧ್ಯಸ್ಥಿಕೆ ಕಾಯ್ದೆಯು ಸಮುದಾಯ ಮಧ್ಯಸ್ಥಿಕೆಗೆ ಮೂವರ ಸಮಿತಿಯನ್ನು ಸೂಚಿಸುತ್ತದೆ. ಸಮುದಾಯದಲ್ಲಿ ಗೌರವವುಳ್ಳವರು ಅದರಲ್ಲಿರಬಹುದು. ಉಭಯ ಪಕ್ಷಗಳ ಪೂರ್ವಸಮ್ಮತಿ ಅಗತ್ಯ, ಒಪ್ಪಂದವು ನ್ಯಾಯಾಲಯದ ಡಿಕ್ರಿಯಂತೆ ಜಾರಿಯಾಗುವುದಿಲ್ಲ. ಒಳ್ಳೆಯದೇ. ಆದರೆ ಮೇಲುಕೇರಿಯ ಗಣ್ಯರು ಕೂತ ಜಗಲಿಯಲ್ಲಿ ಕೆಳಕೇರಿಯ ಹೆಣ್ಣುಮಗಳು ಕೊಡುವ ಸಮ್ಮತಿಗೆ ಏನು ಬೆಲೆ? ಒಡಂಬಡಿಕೆಯ ಸುಂದರ ಮಾತು ಹೇಳುವ ಝೆರ್ ಇಂಥ ಜಗಲಿಯನ್ನು ಕಂಡವರಲ್ಲ. ವಿಶ್ವಗುರು ಫ್ರಾನ್ಸಿಸ್ ಅವರು ‘ಫ್ರಾತೆಲ್ಲಿ ತೂತ್ತಿ’ಯಲ್ಲಿ ಕ್ಷಮಿಸುವುದೆಂದರೆ ಹಕ್ಕನ್ನು ಬಿಟ್ಟುಕೊಡುವುದಲ್ಲವೆಂದು ಸ್ಪಷ್ಟಪಡಿಸಿದ್ದನ್ನು ಇಲ್ಲಿ ಸೇರಿಸಿ ಓದಬೇಕು.

ನಮ್ಮ ಧರ್ಮಕೇಂದ್ರಗಳು ಇಂಥ ಅನುದಾನಕ್ಕೆ ಅರ್ಜಿ ಹಾಕುವಾಗ ಖರ್ಚಿನ ಪಟ್ಟಿಯಲ್ಲಿ ತರಬೇತಿ, ಕರಪತ್ರ, ಸಭಾಂಗಣ, ಊಟ ಎಲ್ಲವನ್ನೂ ಬರೆಯುತ್ತವೆ. ಮಾತುಕತೆಗೆ ಬಂದ ಹೆಣ್ಣುಮಗಳು ಕಳೆದುಕೊಂಡ ದಿನಗೂಲಿಗೂ, ಬೇಡವೆಂದು ಆಕೆ ಎದ್ದುಹೋದರೆ ನ್ಯಾಯಾಲಯದ ದಾರಿ ತೋರಿಸುವ ವಕೀಲರ ಶುಲ್ಕಕ್ಕೂ ಆ ಪಟ್ಟಿಯಲ್ಲಿ ಒಂದೊಂದು ಸಾಲು ಬರೆಯಲಿ. ದಾನಿಗಳು ಅದನ್ನು ಹೊಡೆದುಹಾಕಿದರೆ ಆ ಎರಡು ಸಾಲುಗಳ ಹಣವನ್ನು ಭಾನುವಾರದ ಕಾಣಿಕೆಯಿಂದ ತೆಗೆಯಬಹುದು.