ಬೆನ್ನು ತಿರುಗಿಸಿ ನಿಂತ ಸಾವು

ಇಂಗ್ಲಿಷ್ ಚಿತ್ರಕಾರ ಜಾರ್ಜ್ ಫ್ರೆಡೆರಿಕ್ ವಾಟ್ಸ್ (1817–1904) ಬರೆದ ‘ಲವ್ ಅಂಡ್ ಡೆತ್’ ಚಿತ್ರದಲ್ಲಿ ಸಾವಿನ ಮುಖ ಕಾಣುವುದಿಲ್ಲ. ಮಧ್ಯಯುಗದಿಂದಲೂ ಯುರೋಪಿನ ಚಿತ್ರಗಳಲ್ಲಿ ಸಾವೆಂದರೆ ಹಲ್ಲು ಕಿಸಿದ ಅಸ್ಥಿಪಂಜರ, ಕುಡುಗೋಲು, ಮರಳು ಗಡಿಯಾರ. ವಾಟ್ಸ್ ಆ ಅಸ್ಥಿಪಂಜರವನ್ನು ಕೈಬಿಟ್ಟ. ಲೋಥಿಯನ್‌ನ ಎಂಟನೆಯ ಮಾರ್ಕ್ವೆಸ್ (ಕುಲೀನ ಪದವಿ) ಆಗಿದ್ದ ಅವನ ಗೆಳೆಯ ನಲವತ್ತು ತುಂಬುವ ಮೊದಲೇ, 1870ರಲ್ಲಿ, ಕಾಯಿಲೆಯಿಂದ ಸವೆದು ತೀರಿಕೊಂಡ. ಯಾರ ಪ್ರೀತಿಯಿಂದಲೂ ಅವನನ್ನು ಉಳಿಸಿಕೊಳ್ಳಲಾಗಲಿಲ್ಲ. ಈ ಚಿತ್ರ ಹುಟ್ಟಿದ್ದು ಆ ಸಂಕಟದಲ್ಲಿ.

ಬಿಳಿಚು ಬಟ್ಟೆ ಹೊದ್ದ ಭಾರೀ ಆಕೃತಿಯೊಂದು ತಲೆ ಬಾಗಿಸಿ ಮನೆಯ ಮೆಟ್ಟಿಲೇರುತ್ತಿದೆ. ಅದರ ತೋಳು ಮೇಲಕ್ಕೆ ಚಾಚಿದೆ. ಬಾಗಿಲಿಗೆ ಅಡ್ಡನಿಂತ ಪ್ರೀತಿ, ರೆಕ್ಕೆಯ ಪುಟ್ಟ ಹುಡುಗ. ಅವನ ರೆಕ್ಕೆ ಬಾಗಿಲಿನ ಕಂಬಕ್ಕೆ ಒತ್ತಿ ನಲುಗುತ್ತಿದೆ, ಗುಲಾಬಿ ಬಳ್ಳಿ ಕಿತ್ತು ಹೂವು ಉದುರಿದೆ. ಸಾವಿನ ನಡಿಗೆಯಲ್ಲಿ ಕ್ರೌರ್ಯವಿಲ್ಲ, ಅವಸರವೂ ಇಲ್ಲ. ಎದೆ ನಡುಗಿಸುವುದು ಈ ನಿಧಾನವೇ. ಬೆಳಕು ಬಿದ್ದಿರುವುದೂ ಆ ಅಗಲ ಬೆನ್ನಿನ ಮೇಲೆ. ಹುಡುಗ ಅದರ ನೆರಳಿನಲ್ಲಿದ್ದಾನೆ. 1877ರಲ್ಲಿ ಲಂಡನ್ನಿನ ಗ್ರೋವ್ನರ್ ಗ್ಯಾಲರಿಯ ಮೊದಲ ಪ್ರದರ್ಶನದಲ್ಲಿ ಈ ಚಿತ್ರ ಜನರೆದುರು ಬಂತು. ಅನಂತರವೂ ವಾಟ್ಸ್ ಇದನ್ನು ಮತ್ತೆ ಮತ್ತೆ ಬರೆದ.

‘ಟೈಮ್, ಡೆತ್ ಅಂಡ್ ಜಡ್ಜ್‌ಮೆಂಟ್’ ಎಂಬ ವಾಟ್ಸ್‌ನ ಇನ್ನೊಂದು ಚಿತ್ರದಲ್ಲಿ ಕುಡುಗೋಲು ಕಾಲನ ಕೈಗೆ ಹೋಗಿದೆ. ಕಾಲ ಇಲ್ಲಿ ಗಡ್ಡದ ಮುದುಕನಲ್ಲ, ಕಟ್ಟುಮಸ್ತಾದ ಯುವಕ. ಅವನ ಕೈ ಹಿಡಿದ ಬಿಳಿಚು ಹೆಣ್ಣು ಸಾವು. ಆಕೆಯ ಮಡಿಲಲ್ಲಿ ಕಿತ್ತ ಹೂಗಳು. ಸಮಯಕ್ಕೂ ಯಮನಿಗೂ ಕಾಲನೆಂಬ ಒಂದೇ ಹೆಸರಿಟ್ಟ ಕನ್ನಡಿಗರಿಗೆ ಈ ಜೋಡಿ ಹೊಸದೇನಲ್ಲ.

ಸಮಕಾಲೀನರ ದಾರಿ ಬೇರೆ ಬೇರೆ. ಜಾನ್ ವಿಲಿಯಂ ವಾಟರ್‌ಹೌಸ್ 1874ರಲ್ಲಿ ಗ್ರೀಕ್ ಪುರಾಣ ಹಿಡಿದು, ನಿದ್ದೆ ಮತ್ತು ಸಾವನ್ನು ಒಂದೇ ಮಂಚದ ಮೇಲೆ ಒರಗಿದ ಅಣ್ಣತಮ್ಮಂದಿರನ್ನಾಗಿ ಬರೆದ. ನಿದ್ದೆಯ ಮೇಲೆ ಬೆಳಕು, ಸಾವಿನ ಮೇಲೆ ಕತ್ತಲು. ಫ್ರೆಡೆರಿಕ್ ಲೇಟನ್ನನ ಹರ್ಕ್ಯುಲಿಸ್, ಗಂಡನಿಗಾಗಿ ಪ್ರಾಣ ಕೊಟ್ಟ ಆಲ್ಸೆಸ್ಟಿಸ್‌ಳ ದೇಹಕ್ಕಾಗಿ ಸಾವಿನೊಡನೆ ಮಲ್ಲಯುದ್ಧಕ್ಕೇ ಇಳಿಯುತ್ತಾನೆ. ಅಲ್ಲಿ ಸಾವು ಸೋಲಬಲ್ಲ ಎದುರಾಳಿ. ವಾಟ್ಸ್‌ನ ಲೋಕದಲ್ಲಿ ಅಂಥ ಆಸೆಗೆ ಎಡೆಯಿಲ್ಲ. ಅಲ್ಲಿರುವುದು ಬೇರೆಯೇ ಸಮಾಧಾನ.

ಆ ಸಮಾಧಾನ ತುಂಬಿ ಕಾಣುವುದು ‘ದಿ ಕೋರ್ಟ್ ಆಫ್ ಡೆತ್’ ಚಿತ್ರದಲ್ಲಿ. ಬಡವರ ಸ್ಮಶಾನದ ಪ್ರಾರ್ಥನಾ ಮಂದಿರಕ್ಕೆಂದು ಮೊದಲು ಕಲ್ಪಿಸಿದ್ದ ಈ ಚಿತ್ರದ ಕೆಲಸ ಸುಮಾರು ಮೂವತ್ತು ವರ್ಷ ನಡೆದು 1902ರವರೆಗೆ ಸಾಗಿತು. ಈಗ ಅದು ಬ್ರಿಟನ್ನಿನ ಟೇಟ್ ಕಲಾಸಂಗ್ರಹದಲ್ಲಿದೆ. ಸಾವು ಇಲ್ಲಿ ಸಿಂಹಾಸನದ ಮೇಲೆ ಕುಳಿತ ತಾಯಿ. ಸೈನಿಕ ಖಡ್ಗ ಒಪ್ಪಿಸುತ್ತಾನೆ, ಕುಲೀನ ಕಿರೀಟ ಇಳಿಸುತ್ತಾನೆ, ಕಾಯಿಲೆಯ ಹುಡುಗಿ ದಣಿದು ತಲೆ ಆನಿಸುತ್ತಾಳೆ. ಆ ತಾಯಿಯ ಮಡಿಲಲ್ಲಿ ಹಸುಗೂಸೊಂದು ಮಲಗಿದೆ.