ಸ್ವೀಡಿಷ್–ನಾರ್ವೇಜಿಯನ್ ಬೆರಕೆಮಾತು: ಒಂದು ಪರಿಭಾಷೆಯ ವಿಮರ್ಶೆ

ಸ್ವೀಡಿಷರೂ ನಾರ್ವೇಜಿಯನ್ನರೂ ದುಭಾಷಿಯ ನೆರವಿಲ್ಲದೆ, ತಂತಮ್ಮ ನುಡಿಯಲ್ಲಿಯೇ ಪರಸ್ಪರ ವ್ಯವಹರಿಸಬಲ್ಲರೆಂಬುದು ಸುವಿದಿತ. ಸ್ಕ್ಯಾಂಡಿನೇವಿಯದ ಈ ಬಗೆಯ ವ್ಯವಹಾರವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ಅಮೆರಿಕದ ಭಾಷಾವಿಜ್ಞಾನಿ ಐನಾರ್ ಹೌಗೆನ್ ಅವರು 1966ರ ತಮ್ಮ ಲೇಖನದಲ್ಲಿ ಅದಕ್ಕೆ 'ಅರೆಸಂವಹನ' ಎಂಬರ್ಥದ ಹೆಸರನ್ನಿತ್ತರು. ದಿನಬಳಕೆಯ ಬೆರಕೆಮಾತಿಗೆ ಈ ಪರಿಭಾಷೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದೇ ನಮ್ಮ ಪ್ರಸ್ತುತ ವಿಚಾರ.

'ಅರೆ' ಎಂಬುದು ನಿರಾಧಾರವಲ್ಲ. 'ರೂಲಿಗ್' ಎಂದರೆ ಸ್ವೀಡಿಷಿನಲ್ಲಿ ವಿನೋದಕರವಾದುದು, ನಾರ್ವೇಜಿಯನ್ನಿನಲ್ಲಿ ಪ್ರಶಾಂತವಾದುದು. 'ಬ್ಯೂ' ಎಂಬುದು ಅಲ್ಲಿ ಹಳ್ಳಿ, ಇಲ್ಲಿ ಪಟ್ಟಣ. ಇಂತಹ ಕಡೆ ಕೇಳುವವನು ತಿಳಿದೆನೆಂದುಕೊಂಡೇ ತಪ್ಪುವನು. ಆದರೆ ಬೆರಕೆಮಾತು ಹುಟ್ಟುವುದು ಈ ತೊಡಕನ್ನು ದಾಟುವ ಪ್ರಯತ್ನದಿಂದಲೇ ಎಂಬುದನ್ನು ಗಮನಿಸಬೇಕು. ನಾರ್ವೆಯಲ್ಲಿ ನೆಲಸಿದ ಸ್ವೀಡಿಷನು ನಿಷೇಧಾರ್ಥದ ತನ್ನ 'ಇಂತೆ'ಯನ್ನು ತೊರೆದು ಅಲ್ಲಿಯ 'ಇಕ್ಕೆ'ಯನ್ನು ಹಿಡಿಯುವನು. ಧ್ವನಿಯ ಏರಿಳಿತವನ್ನು ಮಾತ್ರ ಬಹುಮಟ್ಟಿಗೆ ಉಳಿಸಿಕೊಳ್ಳುವನು. 'ಸ್ವೆನ್ಸ್ಕ್', 'ನೋರ್ಸ್ಕ್' ಎರಡನ್ನೂ ಕೂಡಿಸಿ ಜನರು ಇದನ್ನು 'ಸ್ವೋರ್ಸ್ಕ್' ಎಂದು ಕರೆಯುತ್ತಾರೆ. ಹೆಸರಿನಲ್ಲಿ ಪರಿಹಾಸದ ಛಾಯೆಯಿದ್ದರೂ, ಆಡುವವನ ವಿವೇಚನೆ ಅದರಲ್ಲಿ ವ್ಯಕ್ತವಾಗಿದೆ.

ಇತಿಹಾಸದ ಸಾಕ್ಷ್ಯವೂ ಇದನ್ನೇ ಸಮರ್ಥಿಸುತ್ತದೆ. 1814ರಿಂದ 1905ರವರೆಗೆ, 91 ವರ್ಷಗಳ ಕಾಲ, ಎರಡು ದೇಶಗಳಿಗೂ ಒಬ್ಬನೇ ಅರಸನಿದ್ದನು. ಆದರೂ ನಾರ್ವೆ ತನ್ನದೇ ಸಂಸತ್ತನ್ನೂ ಆಡಳಿತವನ್ನೂ ಹೊಂದಿದ್ದಿತು. ಡೆನ್ಮಾರ್ಕಿನೊಡನೆ ಶತಮಾನಗಳ ಕಾಲ ಕೂಡಿದ್ದುದರಿಂದ ಅದರ ಬರಹ ಡೇನಿಷ್ ಜಾಡಿನಲ್ಲಿಯೇ ಸಾಗಿತು. 1844ರಲ್ಲಿ ಧ್ವಜಗಳ ಮೂಲೆಯಲ್ಲಿ ಎರಡು ರಾಷ್ಟ್ರಗಳ ಬಣ್ಣಗಳನ್ನು ಬೆರೆಸಿದ ಚಿಹ್ನೆಯನ್ನಿಡಲು, ಜನರು ಅದನ್ನು ಹೆರಿಂಗ್ ಮೀನಿನ ಕಲಸುಮೇಲೋಗರವೆಂದು ಅಣಕಿಸಿದರು. ಸಿಂಹಾಸನವು ಧ್ವಜವನ್ನು ಬೆರೆಸಿತಲ್ಲದೆ ನುಡಿಯನ್ನು ಬೆರೆಸಲಿಲ್ಲ. 1954ರಲ್ಲಿ ನಾರ್ಡಿಕ್ ದೇಶಗಳು ಸಮಾನ ಉದ್ಯೋಗ ಮಾರುಕಟ್ಟೆಯನ್ನು ಸ್ಥಾಪಿಸಿದುವು. ಈ ಶತಮಾನದ ಆದಿಯಲ್ಲಿ ಸ್ವೀಡಿಷ್ ತರುಣರು ಓಸ್ಲೋ ನಗರದ ಅಂಗಡಿಗಳಿಗೂ ಭೋಜನಗೃಹಗಳಿಗೂ ದುಡಿಯಲು ಬಂದಾಗ, ಅರಸೊತ್ತಿಗೆಯಿಂದಾಗದುದು ಜೀವನೋಪಾಯದಿಂದಾಯಿತು.

'ಅರೆ' ಎಂಬ ಮಾತಿನಲ್ಲಿ ಮತ್ತೊಂದು ದೋಷವುಂಟು: ಅದು ಎರಡು ಕಡೆಯ ಹೊರೆ ಸಮವೆಂಬ ಭಾವನೆಯನ್ನುಂಟುಮಾಡುತ್ತದೆ. ವಾಸ್ತವವಾಗಿ, 2005ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಂತೆ, ಡೆನ್ಮಾರ್ಕ್, ನಾರ್ವೆ, ಸ್ವೀಡನ್ನುಗಳ ತರುಣರಲ್ಲಿ ನೆರೆನುಡಿಗಳನ್ನು ಚೆನ್ನಾಗಿ ಗ್ರಹಿಸಬಲ್ಲವರು ನಾರ್ವೆಯವರು. ಉಪಭಾಷಾವೈವಿಧ್ಯವೂ ಸ್ವೀಡಿಷ್ ದೂರದರ್ಶನವೂ ಅವರ ಕಿವಿಯನ್ನು ಪಳಗಿಸಿವೆ. ಕೇಳುವವನು ಇಷ್ಟು ಬಲ್ಲವನಾಗಿರುವಲ್ಲಿಯೂ ಆಡುವವನು ತನ್ನ ಪದವನ್ನು ಬದಲಿಸುವನಾದರೆ, ಅದು ಕೇವಲ ಅಗತ್ಯವಲ್ಲ, ಸೌಜನ್ಯವೂ ಹೌದು.

ಆದುದರಿಂದ, ಹೌಗೆನ್ ಅವರ ಪರಿಭಾಷೆ ತೊಡಕನ್ನು ಗುರುತಿಸಲು ಉಪಯುಕ್ತವಾದರೂ, ಆ ತೊಡಕಿಗೆ ಜನರು ಕಂಡುಕೊಂಡ ಪರಿಹಾರವನ್ನು ಹೆಸರಿಸಲು ಸಾಲದೆಂಬುದು ನಮ್ಮ ಅಭಿಪ್ರಾಯ. ಬೆರಕೆಮಾತನ್ನು ಎರಡು ಭಾಷೆಗಳ ಭ್ರಷ್ಟರೂಪವೆಂದು ತಳ್ಳಿಹಾಕುವ ಇತಿಹಾಸಕಾರನು, ಸಾಮಾನ್ಯ ಜನರು ತಾವೇ ಮಾಡಿಕೊಂಡ ಒಪ್ಪಂದವೊಂದನ್ನು ಓದದೆ ಬಿಟ್ಟಂತಾಗುವುದು.