ಚಳಿಯಲ್ಲಿ ನಿಂತವನು

ನ್ಯೂಯಾರ್ಕಿನ ಕೊರೆಯುವ ಚಳಿ. ಬೆಚ್ಚನೆಯ ಹೋಟೆಲಿನೊಳಗೆ ಹೆರಾಯಿನ್ ಸಾಗಿಸುವ ಫ್ರೆಂಚ್ ಸಾಹುಕಾರ ನಿಧಾನವಾಗಿ ಊಟ ಸವಿಯುತ್ತಿದ್ದಾನೆ. ಹೊರಗೆ ಬೀದಿಯಲ್ಲಿ ಪತ್ತೇದಾರ ಡಾಯ್ಲ್ ಪಿಜ್ಜಾ ಚೂರು ಕಚ್ಚುತ್ತಾನೆ, ಬಾಯಿಗೆ ಹತ್ತದ ಕಾಫಿಯನ್ನು ನೆಲಕ್ಕೆ ಚೆಲ್ಲುತ್ತಾನೆ. 1971ರ ‘ದಿ ಫ್ರೆಂಚ್ ಕನೆಕ್ಷನ್’ ಚಿತ್ರ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲಿಯೇ. ಪೊಲೀಸ್ ಕೆಲಸವೆಂದರೆ ಬಹುಪಾಲು ಕಾಯುವುದು. ಆ ಬೇಸರವನ್ನೂ ಹೊಟ್ಟೆಕಿಚ್ಚನ್ನೂ ಡಾಯ್ಲ್ ಪಾತ್ರದ ಜೀನ್ ಹ್ಯಾಕ್‌ಮನ್ ಹೆಗಲಿನಲ್ಲೇ ತೋರಿಸುತ್ತಾರೆ.

ಎಲ್ಲರೂ ಕೊಂಡಾಡುವುದು ಬ್ರೂಕ್ಲಿನ್‌ನಲ್ಲಿ ಡಾಯ್ಲ್ ರೈಲನ್ನು ಬೆನ್ನಟ್ಟುವ ದೃಶ್ಯವನ್ನು. ಅದು ಸರಿಯೇ. ಮೇಲೆ ಕಂಬಗಳ ಮೇಲೆ ಓಡುವ ರೈಲು, ಅದರ ನೆರಳಿನಲ್ಲಿ ಡಾಯ್ಲ್‌ನ ಪಾಂಟಿಯಾಕ್ ಕಾರು. ಹಿನ್ನೆಲೆ ಸಂಗೀತವೇ ಇಲ್ಲ. ಹಾರ್ನು, ಟೈರಿನ ಚೀರಾಟ, ಹಳಿಯ ಗಡಗಡ, ಅಷ್ಟೇ. ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಸಾಕ್ಷ್ಯಚಿತ್ರಗಳಿಂದ ಬಂದವರು. ಓವನ್ ರಾಯ್ಜ್‌ಮನ್ ಅವರ ಕ್ಯಾಮೆರಾ ಕೈಯಲ್ಲೇ ಅಲುಗಾಡುತ್ತ, ತಡವಾಗಿ ತಲುಪಿದವನಂತೆ ಇಣುಕುತ್ತದೆ. ಕಸ, ಮಂಕು ಬೆಳಕು, ಬಣ್ಣ ಕಿತ್ತ ಗೋಡೆ ಯಾವುದನ್ನೂ ಒರೆಸಿಟ್ಟಿಲ್ಲ. ಇಂದಿನ ಹೊಳಪಿನ ಥ್ರಿಲ್ಲರ್‌ಗಳಲ್ಲಿ ನನಗೆ ಸಿಗದಿರುವುದು ಈ ಧೂಳೇ.

ಐದು ಆಸ್ಕರ್ ಬಂದವು. ಆದರೂ ಡಾಯ್ಲ್‌ನನ್ನು ಈ ಚಿತ್ರ ನಾಯಕನನ್ನಾಗಿ ಮಾಡುವುದಿಲ್ಲ. ಅವನು ಒರಟ, ಜನಾಂಗದ್ವೇಷಿ. ಕೊನೆಯಲ್ಲಿ ಗುರುತು ತಪ್ಪಿ ಬೇರೊಬ್ಬನಿಗೆ ಗುಂಡು ಹೊಡೆದು, ಒಂದು ಗಳಿಗೆಯೂ ನಿಲ್ಲದೆ ಪಾಳುಕಟ್ಟಡದ ಕತ್ತಲೊಳಗೆ ನಡೆದುಬಿಡುತ್ತಾನೆ. ನಮಗೆ ಕೇಳಿಸುವುದು ಇನ್ನೊಂದು ಗುಂಡಿನ ಸದ್ದು ಮಾತ್ರ.